ಮಲ್ಲಿಗೆಯ ಕೆಲಸ, ಬೀಡಿಯ ಕೆಲಸ

(ಉಡುಪಿಯಲ್ಲಿ ಓದುಗರ ಬಳಗವೊಂದು ‘ಮನೆಯಿಂದಲೇ ಕೆಲಸ’ ಎಂಬ ವಿಷಯ ಕೊಟ್ಟು ಮಾತಾಡಲು ಕರೆದಿತ್ತು. ಅಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹದಿನಾರು ವರ್ಷ ನಾನು ಶಂಕರಪುರದಿಂದ ಮಂಗಳೂರಿಗೆ ದಿನಾ ಹೋಗಿ ಬಂದವಳು. ವಿದೇಶದ ಆಸ್ಪತ್ರೆಗಳ ಬಿಲ್ಲು ಪರಿಶೀಲಿಸುವ ಒಂದು ಕಂಪೆನಿಯಲ್ಲಿ ಕೆಲಸ. ಮನೆಯಿಂದ ಕಟಪಾಡಿಗೆ ಸರ್ವಿಸ್ ಬಸ್ಸು, ಅಲ್ಲಿಂದ ಎಕ್ಸ್‌ಪ್ರೆಸ್. ಕಾಪು, ಪಡುಬಿದ್ರಿ, ಮೂಲ್ಕಿ, ಹಳೆಯಂಗಡಿ, ಸುರತ್ಕಲ್. ಕೂಳೂರು ಸೇತುವೆ ಹತ್ತಿರವಾಗುತ್ತಿದ್ದ ಹಾಗೆ ಬಸ್ಸಿನಲ್ಲಿದ್ದವರೆಲ್ಲ ಮುಂದಕ್ಕೆ ಬಗ್ಗಿ ನೋಡುತ್ತಿದ್ದೆವು. ಸೇತುವೆಯ ಮೇಲೆ ಲಾರಿಗಳ ಸಾಲು ಇಲ್ಲದಿದ್ದರೆ ಆ ದಿನ ಹಾಜರಿ ಸರಿ. ಸಾಲು ಇದ್ದರೆ ತಡ ಎಂದು ಬರೆಸಿಕೊಳ್ಳಬೇಕು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ವರ್ಷಕ್ಕೆ 240 ದಿನ ಎಂದು ಹಿಡಿದರೆ 720 ಗಂಟೆ. ಹಗಲೂ ರಾತ್ರಿಯೂ ಸೇರಿಸಿ ಲೆಕ್ಕ ಹಾಕಿದರೆ ಸರಿಯಾಗಿ 30 ದಿನ. ಪ್ರತಿ ವರ್ಷ ಒಂದು ಇಡೀ ತಿಂಗಳು ನಾನು ಬಸ್ಸಿನಲ್ಲಿದ್ದೆ.

ಆ ಒಂದು ತಿಂಗಳ ಬಗ್ಗೆಯೇ ಇವತ್ತು ಮಾತಾಡಬೇಕೆಂದು ಬಂದಿದ್ದೇನೆ. ಮನೆಯಿಂದ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಬಸ್ಸಿನಿಂದ ವಾಪಸು ಸಿಕ್ಕಿದ ಆ ತಿಂಗಳು ಯಾರ ಪಾಲಾಯಿತು ಎಂದು ಕೇಳಿದವರು ಕಡಿಮೆ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತಲ್ಲ, ಅದಕ್ಕೆ ಕೆಲವು ದಿನ ಮೊದಲು ಕಂಪೆನಿಯ ವ್ಯಾನಿನಲ್ಲಿ ನನ್ನ ಕಂಪ್ಯೂಟರು ಮನೆಗೆ ಬಂತು. ಲ್ಯಾಪ್‌ಟಾಪ್ ಅಲ್ಲ, ಮೇಜಿನ ಮೇಲಿಡುವ ದೊಡ್ಡ ಪೆಟ್ಟಿಗೆಯೇ. ಅಲ್ಲಿಯವರೆಗೆ ನಮ್ಮಂಥ ಕಂಪೆನಿಗಳಿಗೆ ಕೆಲಸಗಾರರನ್ನು ಮನೆಯಲ್ಲಿ ಕೂರಿಸುವುದು ಸುಲಭವಿರಲಿಲ್ಲ. ದೂರಸಂಪರ್ಕ ಇಲಾಖೆಯ ನಿಯಮಗಳು ಬಿಗಿಯಾಗಿದ್ದವು. ಆ ಮಾರ್ಚ್‌ನಲ್ಲಿ ಇಲಾಖೆ ಅವನ್ನು ತಾತ್ಕಾಲಿಕವಾಗಿ ಸಡಿಲಿಸಿತು, ನವೆಂಬರ್‌ನಲ್ಲಿ ನಿಯಮಗಳನ್ನೇ ಬದಲಿಸಿತು. ಆಗುವುದಿಲ್ಲ ಎಂದು ಹದಿನಾರು ವರ್ಷ ಕೇಳಿದ್ದ ಮಾತು ಒಂದು ವಾರದಲ್ಲಿ ಆಯಿತು.

ಅದೇ ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಏಪ್ರಿಲ್ 1ಕ್ಕೆ ಮಣಿಪಾಲದಲ್ಲಿ ಪ್ರಧಾನ ಕಚೇರಿ ಇದ್ದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು. ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡಿದ್ದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಈ ಊರಿನವರು ಈ ಊರಿನಲ್ಲೇ ಕಟ್ಟಿದ ದೊಡ್ಡ ಆಫೀಸುಗಳು ದೂರ ಹೋದ ದಿನಗಳಲ್ಲೇ ದೂರದ ಆಫೀಸುಗಳು ನಮ್ಮ ಮನೆಯೊಳಗೆ ಬಂದವು. ಇದು ನನ್ನನ್ನು ಈಗಲೂ ಕಾಡುತ್ತದೆ, ಯಾಕೆಂದರೆ ಕೆಲಸ ಹತ್ತಿರ ಬಂದರೂ ಆ ಕೆಲಸದ ಬಗ್ಗೆ ತೀರ್ಮಾನ ಮಾಡುವವರು ಇನ್ನೂ ದೂರವಾದರು.

ಮೊದಲ ದಿನಗಳ ಸಂತೋಷವನ್ನು ಮುಚ್ಚಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಏಳೂವರೆಗೆ ಮಗಳ ಜೊತೆ ಕೂತು ನೀರುದೋಸೆ ತಿಂದೆ. ಅವಳಿಗಾಗ ಹನ್ನೊಂದು ವರ್ಷ. ವಾರದ ದಿನ ನಾವಿಬ್ಬರು ಒಟ್ಟಿಗೆ ಕೂತು ತಿಂಡಿ ತಿಂದದ್ದು ಅದೇ ಮೊದಲು. ಮೂರು ಗಂಟೆ ಕೈಗೆ ಬಂತು ಎಂದುಕೊಂಡೆ.

ನನಗೆ ಲೆಕ್ಕ ಬರೆದಿಡುವ ಅಭ್ಯಾಸ ಉಂಟು. ಅದು ಅಮ್ಮನಿಂದ ಬಂದದ್ದು, ಅದರ ಕಥೆ ಆಮೇಲೆ ಹೇಳುತ್ತೇನೆ. ಜೂನ್ ತಿಂಗಳಲ್ಲಿ ಒಂದು ನೋಟುಪುಸ್ತಕ ಇಟ್ಟುಕೊಂಡು ದಿನಾ ಕೆಲಸ ಸುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆದೆ. ತಿಂಗಳ ಕೊನೆಗೆ ಕೂಡಿಸಿ ನೋಡಿದೆ. ಮೊದಲು ಆಫೀಸಿನಲ್ಲಿ ಒಂಬತ್ತು ಗಂಟೆ ಇರುತ್ತಿದ್ದೆ. ಈಗ ಹತ್ತು ಮುಕ್ಕಾಲು ಗಂಟೆ ಆಗಿತ್ತು. ಉಳಿದ 180 ನಿಮಿಷದಲ್ಲಿ ಸುಮಾರು 105 ನಿಮಿಷವನ್ನು ಕಂಪೆನಿಗೆ ಕೊಟ್ಟಿದ್ದೆ. ಯಾರೂ ಕೇಳಿ ತೆಗೆದುಕೊಂಡದ್ದಲ್ಲ. ಊಟಕ್ಕೆ ಎದ್ದವಳು ಬೇಗ ಬಂದು ಕೂತೆ, ಸಂಜೆ ಇದೊಂದು ಫೈಲು ಮುಗಿಸುತ್ತೇನೆ ಎಂದು ಇನ್ನೊಂದು ತೆರೆದೆ, ಹಿಡಿಯಬೇಕಾದ ಬಸ್ಸಿರಲಿಲ್ಲವಾದ್ದರಿಂದ ಏಳಲಿಲ್ಲ. ಇನ್ನೊಂದು ಗಂಟೆ ಅಡುಗೆಮನೆಗೆ ಹೋಗಿತ್ತು. ನನ್ನದೆಂದು ಉಳಿದದ್ದು ಹದಿನೈದು ನಿಮಿಷ.

ಆ ಪುಟ ನೋಡಿದಾಗ ನನಗೆ ಅಮ್ಮನ ನೆನಪಾಯಿತು.

ನಾನು ಬಂಟ್ವಾಳ ತಾಲೂಕಿನವಳು. ಅಲ್ಲಿ ನಮ್ಮ ಕಾಲದಲ್ಲಿ ಮನೆಗೊಬ್ಬರಾದರೂ ಬೀಡಿ ಕಟ್ಟುವವರು ಇರುತ್ತಿದ್ದರು. ಇಲ್ಲಿ ಕೂತವರಲ್ಲೂ ಅನೇಕರ ಅಮ್ಮಂದಿರು, ಅಜ್ಜಿಯಂದಿರು ಕಟ್ಟಿರಬಹುದು. ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುವುದು. ತಗಡಿನ ಅಚ್ಚು ಇಟ್ಟು ಕತ್ತರಿಯಿಂದ ಒಂದೊಂದೇ ಎಲೆ ಕತ್ತರಿಸುವುದು. ಆಮೇಲೆ ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬ್ರಾಂಚಿನಲ್ಲಿ ಚೆಕ್ಕರ್ ನೋಡಿ ಸರಿಯಿಲ್ಲದ್ದನ್ನು ತೆಗೆದು ಹಾಕಿ, ಉಳಿದದ್ದನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಅಮ್ಮನ ಆ ಪುಸ್ತಕ ಈಗ ನನ್ನ ಹತ್ತಿರ ಉಂಟು. ತಾರೀಕು, ಎಲೆಯ ತೂಕ, ಸೊಪ್ಪಿನ ತೂಕ, ಬೀಡಿಯ ಸಂಖ್ಯೆ, ಹಣ. ಎಲ್ಲದಕ್ಕೂ ಒಂದೊಂದು ಕಲಂ. ಹೊತ್ತಿಗೆ ಮಾತ್ರ ಕಲಂ ಇಲ್ಲ.

ಹೊತ್ತನ್ನು ಎಲ್ಲಿ ಅಂತ ಬರೆಯುವುದು? ಅಮ್ಮನ ಕೆಲಸಕ್ಕೆ ಸುರು ಎಂಬುದೂ ಇರಲಿಲ್ಲ, ಮುಗಿಯಿತು ಎಂಬುದೂ ಇರಲಿಲ್ಲ. ಗಂಜಿ ಬೇಯುವಾಗ ಐವತ್ತು ಬೀಡಿ. ನನಗೆ ಮಗ್ಗಿ ಹೇಳಿಕೊಡುವಾಗ ನೂರು. ನೆಂಟರು ಬಂದು ಕೂತಾಗ ಮಾತಾಡುತ್ತಲೇ ಇನ್ನೊಂದು ಕಟ್ಟು. ರಾತ್ರಿ ನಾನು ಮಲಗಿದ ಮೇಲೂ ಕತ್ತರಿಯ ಸದ್ದು ಕೇಳುತ್ತಿತ್ತು. ಇಷ್ಟಾಗಿ ಯಾರಾದರೂ ‘ನಿಮಗೆ ಏನು ಕೆಲಸ?’ ಎಂದು ಕೇಳಿದರೆ ಅಮ್ಮ ತುಳುವಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: ‘ಎಂಚಿನಲಾ ಇಜ್ಜಿ, ಇಲ್ಲಡೇ ಉಪ್ಪುನಿ.’ ಏನೂ ಇಲ್ಲ, ಮನೆಯಲ್ಲೇ ಇರುವುದು.

ಇನ್ನು ನಾನು ಮದುವೆಯಾಗಿ ಸೇರಿದ ಊರು ಶಂಕರಪುರ. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹೂವು ಬೆಳೆಯುವ ಊರು. ಅದೂ ಮನೆಯಲ್ಲೇ ಮಾಡುವ ಕೆಲಸ. ನಮ್ಮ ಪಕ್ಕದ ಮನೆಯ ಬಾಯಿ, ಅಂದರೆ ಅಲ್ಲಿಯ ಅಮ್ಮ, ಬೆಳಕು ಹರಿಯುವ ಮೊದಲೇ ಅಂಗಳದ ಗಿಡಗಳ ನಡುವೆ ಇರುತ್ತಾರೆ. ಮೊಗ್ಗು ಕೊಯ್ದು ತಂದು, ಮನೆಯವರೆಲ್ಲ ಸುತ್ತ ಕೂತು, ಬಾಳೆನಾರಿನಲ್ಲಿ ಕಟ್ಟುತ್ತಾರೆ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಾದರೆ ಒಂದು ಅಟ್ಟೆ. ಆ ದಿನದ ದರ ಏನೆಂದು ಕಟ್ಟೆಯಲ್ಲಿ, ಅಂದರೆ ಹೂವಿನ ವ್ಯಾಪಾರ ನಡೆಯುವ ಜಾಗದಲ್ಲಿ, ತೀರ್ಮಾನವಾಗುತ್ತದೆ. ಹೂವು ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಲೇಬೇಕು, ಅಲ್ಲಿಂದ ಮಂಗಳೂರಿಗೆ, ಮುಂಬಯಿಗೆ ಹೋಗಬೇಕು. ಮುಟ್ಟಿಸಿ ಬಂದ ಮೇಲೆ? ಕೆಲಸ ಮುಗಿಯಿತು. ಕಟ್ಟಬೇಕೆಂದರೂ ಮೊಗ್ಗಿಲ್ಲ. ಮರುದಿನದ ಮೊಗ್ಗು ಗಿಡದಲ್ಲೇ ಇದೆ, ಅದು ಇನ್ನೂ ಬಲಿಯಬೇಕು.

ಮಲ್ಲಿಗೆಯವರ ಬದುಕು ಹೂವಿನಷ್ಟು ಮೆದು ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಹೂವು ಕಡಿಮೆ, ರೋಗ ಬಂದರೆ ಗಿಡವೇ ಹೋಗುತ್ತದೆ, ದರ ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಬೀಡಿಯಲ್ಲಿ ದಿನಾ ಕೂಲಿ ಇತ್ತು, ಆ ಭದ್ರತೆ ಮಲ್ಲಿಗೆಗೆ ಇಲ್ಲ. ನಾನು ಹೇಳಹೊರಟಿರುವುದು ಕೊನೆಯ ಬಗ್ಗೆ. ಎರಡೂ ಮನೆಯ ಕೆಲಸವೇ, ಎರಡನ್ನೂ ಮಾಡಿದ್ದು ಹೆಚ್ಚಾಗಿ ಹೆಂಗಸರೇ. ಮಲ್ಲಿಗೆಗೆ ದಿನದ ಕೊನೆ ಇದೆ, ಬೀಡಿಗೆ ಇಲ್ಲ. ನನ್ನ ಮೇಜಿನ ಮೇಲೆ ಬಂದು ಕೂತ ಕಂಪ್ಯೂಟರು ಬೀಡಿಯ ಜಾತಿಯದ್ದು. ಇನ್ನೊಂದು ಕ್ಲೈಮು, ಅಂದರೆ ಪರಿಶೀಲಿಸಬೇಕಾದ ಇನ್ನೊಂದು ಬಿಲ್ಲು, ಯಾವಾಗಲೂ ಇದ್ದೇ ಇರುತ್ತದೆ. ನಮಗೂ ದಿನಕ್ಕೆ ಇಷ್ಟು ಕ್ಲೈಮು ಎಂಬ ಲೆಕ್ಕ, ನಮಗೂ ತಪ್ಪಿದ್ದನ್ನು ಎತ್ತಿ ಹಾಕುವ ಚೆಕ್ಕರ್. ಅಮ್ಮನ ಕುತ್ತಿಗೆ ನೋವು ಕೂಡ ಬಂತು. ಅದೇ ಜಾಗ, ಬಲಗಡೆ ಹೆಗಲಿನ ಮೇಲೆ.

ಮನೆಯಿಂದ ಕೆಲಸ ಎಂಬ ಆಲೋಚನೆಯನ್ನು ಮೊದಲು ಮುಂದಿಟ್ಟವರಿಗೆ ಈ ಪ್ರಶ್ನೆ ಎದುರಾಗಿರಲಿಲ್ಲ. 1973ರಲ್ಲಿ ಅಮೆರಿಕದ ಜಾಕ್ ನಿಲ್ಲೆಸ್ ಎಂಬ ಎಂಜಿನಿಯರು ಇದಕ್ಕೊಂದು ಹೆಸರು ಕೊಟ್ಟರು. ಪೆಟ್ರೋಲಿಗೆ ಬರ ಬಂದ ವರ್ಷ ಅದು, ಲಾಸ್ ಏಂಜಲೀಸಿನ ರಸ್ತೆ ತುಂಬ ಕಾರು. ಜನರನ್ನು ಕೆಲಸದ ಹತ್ತಿರ ಒಯ್ಯುವ ಬದಲು ಕೆಲಸವನ್ನು ಜನರ ಹತ್ತಿರ ಒಯ್ಯೋಣ ಎಂದರು. ರಸ್ತೆಯ ಸಮಸ್ಯೆಗೆ ಅದು ಉತ್ತರವೇ. ಹೊತ್ತಿನ ಸಮಸ್ಯೆ ಆಮೇಲೆ ಕಾಣಿಸಿಕೊಂಡಿತು.

ಅದನ್ನು ಸರಿಯಾಗಿ ಅಳೆದು ತೋರಿಸಿದ್ದು ಚೀನಾದ ಶಾಂಘೈಯಲ್ಲಿ ನಡೆದ ಒಂದು ಪ್ರಯೋಗ. ಪ್ರಯಾಣದ ಟಿಕೆಟು ಮಾರುವ ದೊಡ್ಡ ಕಂಪೆನಿಯ ಕಾಲ್ ಸೆಂಟರಿನಲ್ಲಿ, ಮನೆಯಿಂದ ಮಾಡುತ್ತೇವೆ ಎಂದು ಮುಂದೆ ಬಂದ ಸುಮಾರು 250 ಜನರನ್ನು ಹುಟ್ಟಿದ ತಾರೀಕಿನ ಮೇಲೆ ಎರಡು ಪಾಲು ಮಾಡಿದರು. ಸಮಸಂಖ್ಯೆಯವರು ವಾರಕ್ಕೆ ನಾಲ್ಕು ದಿನ ಮನೆಯಿಂದ, ಬೆಸಸಂಖ್ಯೆಯವರು ಆಫೀಸಿನಿಂದ. ಒಂಬತ್ತು ತಿಂಗಳು ಹೀಗೆ. ಅಧ್ಯಯನ ಮಾಡಿದವರು ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು, ಅದು ಪ್ರಕಟವಾದದ್ದು 2015ರಲ್ಲಿ. ಮನೆಯಿಂದ ಮಾಡಿದವರ ಕೆಲಸ 13 ಶೇಕಡಾ ಹೆಚ್ಚಿತು. ಈ 13 ಎಲ್ಲ ಕಡೆ ಹೆಡ್ಡಿಂಗ್ ಆಗಿ ಬಂದಿದೆ. ಒಡೆದು ನೋಡಿದವರು ಕಡಿಮೆ. ಅದರಲ್ಲಿ 9 ಶೇಕಡಾ ಬಂದದ್ದು ಅವರು ಹೆಚ್ಚು ನಿಮಿಷ ದುಡಿದದ್ದರಿಂದ: ಬಿಡುವು ಕಡಿಮೆ, ಹುಷಾರಿಲ್ಲದ ರಜೆ ಕಡಿಮೆ. ನಿಮಿಷಕ್ಕೆ ಹೆಚ್ಚು ಕರೆ ಮುಗಿಸಿದ್ದರಿಂದ ಬಂದದ್ದು 4 ಮಾತ್ರ.

ನನ್ನ ನೋಟುಪುಸ್ತಕದ 105 ನಿಮಿಷ ಎಲ್ಲಿಂದ ಬಂತು ಎಂದು ಅದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

ಆ ಪ್ರಯೋಗದಲ್ಲಿ ಇನ್ನೂ ಮೂರು ವಿಷಯ ಸಿಕ್ಕಿದವು. ಮನೆಯಿಂದ ಮಾಡಿದವರಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಆದರೆ ಅಷ್ಟೇ ಕೆಲಸ ತೋರಿಸಿದರೂ ಅವರಿಗೆ ಬಡ್ತಿ ಸಿಗುವುದು ಕಡಿಮೆಯಾಯಿತು. ಪ್ರಯೋಗ ಮುಗಿದು ನಿಮ್ಮ ಇಷ್ಟ ಎಂದಾಗ ಸುಮಾರು ಅರ್ಧದಷ್ಟು ಮಂದಿ ಆಫೀಸಿಗೇ ಮರಳಿದರು. ಮನೆಯ ಒಂಟಿತನ ತಾಳಲಿಕ್ಕಾಗಲಿಲ್ಲ.

ಒಂಟಿತನದ ವಿಷಯದಲ್ಲಿ ಅಮ್ಮನವರು ನಮಗಿಂತ ಜಾಣರಾಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ಸುತ್ತಲಿನ ನಾಲ್ಕೈದು ಮನೆಯ ಹೆಂಗಸರು ತಮ್ಮ ತಮ್ಮ ತಡ್ಪೆ ಹಿಡಿದುಕೊಂಡು ಒಂದೇ ಜಗಲಿಗೆ ಬರುತ್ತಿದ್ದರು. ಪ್ರತಿಯೊಬ್ಬರ ಎಲೆ ಬೇರೆ, ಪುಸ್ತಕ ಬೇರೆ, ಕೂಲಿ ಬೇರೆ. ಕೂತದ್ದು ಒಟ್ಟಿಗೆ. ಮಂಗಳೂರು ಆಕಾಶವಾಣಿ ಕೇಳುತ್ತಾ, ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಎಲೆ ಕತ್ತರಿಸುವುದನ್ನು ತೋರಿಸುತ್ತಾ. ಒಬ್ಬಳಿಗೆ ಜ್ವರ ಬಂದರೆ ಉಳಿದವರು ತಲಾ ನೂರು ಕಟ್ಟಿ ಅವಳ ಲೆಕ್ಕ ತುಂಬಿಸಿದ್ದನ್ನು ನಾನು ನೋಡಿದ್ದೇನೆ. ಇವತ್ತು ನಗರಗಳಲ್ಲಿ ಬಾಡಿಗೆ ಕೊಟ್ಟು ಮೇಜು ಹಿಡಿಯುವ ಜಾಗಗಳಾಗಿವೆಯಲ್ಲ, ಆ ಏರ್ಪಾಡನ್ನು ನಮ್ಮ ಬಂಟ್ವಾಳದ ಹೆಂಗಸರು ಸೆಗಣಿ ಸಾರಿಸಿದ ಜಗಲಿಯಲ್ಲಿ ಮಾಡಿಕೊಂಡಿದ್ದರು.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲಿಕ್ಕೆ ನನಗೆ ಹೆಮ್ಮೆ.

ಬೀಡಿಯನ್ನು ಕಾರ್ಖಾನೆಯಲ್ಲಿ ಕಟ್ಟಿಸಿದರೆ ಕಾರ್ಖಾನೆ ಕಾಯಿದೆ ಅನ್ವಯಿಸುತ್ತಿತ್ತು. ಹಾಗಾಗಿ ಕೆಲಸ ಕಂಟ್ರಾಕ್ಟುದಾರರ ಮೂಲಕ ಮನೆಗಳಿಗೆ ಹೋಯಿತು. ಮನೆಯಲ್ಲಿ ಕಟ್ಟುವವಳು ಯಾರ ನೌಕರಳೂ ಅಲ್ಲ ಎಂಬ ವಾದ ಬಂತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಆದಾಗ ಅದರಲ್ಲಿ ಸ್ಪಷ್ಟವಾಗಿ ಬರೆದರು: ಕಚ್ಚಾವಸ್ತು ಕೊಟ್ಟು ಮನೆಯಲ್ಲಿ ಬೀಡಿ ಕಟ್ಟಿಸಿಕೊಂಡರೆ, ಹಾಗೆ ಕಟ್ಟುವವರೂ ಉದ್ಯೋಗಿಗಳೇ. ಕಾಯಿದೆ ಸಿಂಧುವಲ್ಲ ಎಂದು ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. ಹೋದವರಲ್ಲಿ, ತನ್ನ ಹೆಸರಿನಲ್ಲೇ ಮಂಗಳೂರು ಇರುವ ಒಂದು ಸಂಸ್ಥೆಯೂ ಇತ್ತು. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿ ಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ ಬಂತು, 1977ರಲ್ಲಿ ಭವಿಷ್ಯನಿಧಿ ಬಂತು. ಆ ಕಲ್ಯಾಣ ನಿಧಿಯ ವಿದ್ಯಾರ್ಥಿವೇತನದಲ್ಲಿ ನಾನು ಬಿಕಾಂ ಓದಿದ್ದೇನೆ. ‘ಇಲ್ಲಡೇ ಉಪ್ಪುನಿ’ ಎನ್ನುತ್ತಿದ್ದ ಹೆಂಗಸಿಗೆ ಪಿಎಫ್ ಖಾತೆ ಇತ್ತು. ಸಂಘ ಕಟ್ಟಿಕೊಂಡು, ಮುಷ್ಕರ ಹೂಡಿ, ಬಿಸಿಲಲ್ಲಿ ಮೆರವಣಿಗೆ ನಡೆದು ಅವರು ಪಡೆದದ್ದು ಅದು.

ಜಗತ್ತಿನ ಮಟ್ಟದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸಗಾರರಿಗಾಗಿ, ಅಂದರೆ ಮನೆಯಲ್ಲಿ ಕೂತು ಬೇರೆಯವರಿಗಾಗಿ ದುಡಿಯುವವರಿಗಾಗಿ, 177ನೇ ಒಡಂಬಡಿಕೆ ಮಾಡಿದ್ದು 1996ರಲ್ಲಿ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಫೋನು ಎತ್ತದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ ಇದೆ. ಪೋರ್ಚುಗಲ್‌ನಲ್ಲಿ 2021ರ ಕಾನೂನು ಆ ಹೊಣೆಯನ್ನು ಮಾಲೀಕರ ಮೇಲೆಯೇ ಹಾಕಿತು: ಹೊತ್ತು ಮೀರಿದ ಮೇಲೆ ನೀವೇ ಸಂಪರ್ಕಿಸಬೇಡಿ ಎಂದಿತು. ನಮ್ಮ ಲೋಕಸಭೆಯಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರಿಯಾ ಸುಳೆ ಇಂಥದ್ದೇ ಒಂದು ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ.

ಹೊತ್ತಿನ ಮಾತು ಬರೀ ಮನಸ್ಸಿನ ನೆಮ್ಮದಿಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು. ಹತ್ತು ಮುಕ್ಕಾಲು ಗಂಟೆಯನ್ನು ಐದರಿಂದ ಗುಣಿಸಿ ನೋಡಿ. 53 ಮುಕ್ಕಾಲು. ನಾನು ಆ ಗೆರೆಯ ಅಂಚಿನಲ್ಲಿದ್ದೆ, ಅದೂ ಬಸ್ಸು ಹತ್ತದೆ.

ಇನ್ನು ಅಡುಗೆಮನೆಗೆ ಹೋದ ಆ ಒಂದು ಗಂಟೆ. 2019ರಲ್ಲಿ ಕೇಂದ್ರ ಸರಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಗಂಡಸರಲ್ಲಿ ಮಾಡುವವರೇ ನೂರಕ್ಕೆ 26 ಮಂದಿ. ಇದು ಎಲ್ಲರೂ ಹೊರಗೆ ಹೋಗುತ್ತಿದ್ದ ಕಾಲದ ಲೆಕ್ಕ. ಗಂಡ, ಹೆಂಡತಿ ಇಬ್ಬರೂ ಮನೆಯಿಂದ ಕೆಲಸ ಮಾಡುವ ಮನೆಗಳಿಗೆ ಹೋಗಿ ನೋಡಿ. ಬಾಗಿಲಿರುವ ಕೋಣೆ ಯಾರಿಗೆ ಸಿಕ್ಕಿದೆ? ಊಟದ ಮೇಜಿನ ತುದಿ ಯಾರಿಗೆ ಸಿಕ್ಕಿದೆ? ನಮ್ಮ ಮನೆಯಲ್ಲೂ ಮೊದಲ ಆರು ತಿಂಗಳು ಹಾಗೆಯೇ ಇತ್ತು. ಗ್ಯಾಸ್ ಸಿಲಿಂಡರು ಬಂದರೆ ನಾನು, ಕೊರಿಯರು ಬಂದರೆ ನಾನು, ಮದುವೆಯ ಕಾಗದ ಕೊಡಲು ಬಂದವರಿಗೆ ಚಾ ನಾನು. ಫೋನಿನಲ್ಲಿ ಅತ್ತೆ ನೆಂಟರಿಗೆ ಹೇಳಿದ್ದು ಒಂದು ದಿನ ಕಿವಿಗೆ ಬಿತ್ತು: ‘ಅವಳು ಈಗ ಮನೆಯಲ್ಲೇ ಇದ್ದಾಳೆ.’ ಅತ್ತೆ ಪ್ರೀತಿಯಿಂದಲೇ ಹೇಳಿದ್ದು. ನನಗೆ ಕೇಳಿಸಿದ್ದು ಅಮ್ಮನ ಮಾತು.

ನಾನು ಆಗ ಮೇಜನ್ನು ಒಳಗಿನಿಂದ ಚಾವಡಿಗೆ, ಅಂದರೆ ಮನೆಯ ಮುಂದಿನ ಪಡಸಾಲೆಗೆ, ತಂದೆ. ಅತ್ತೆಯ ತವರು ಶ್ಯಾನುಭೋಗರ ಮನೆ. 1963ರಲ್ಲಿ ಗ್ರಾಮಾಧಿಕಾರ ರದ್ದಾಗುವವರೆಗೆ ಅಲ್ಲಿ ಚಾವಡಿಯೇ ಆಫೀಸು. ಗ್ರಾಮದ ಲೆಕ್ಕ, ಕಂದಾಯ ಎಲ್ಲ ಅಲ್ಲಿ. ಬಂದವರು ಅಲ್ಲಿ ಕೂತು ಕೆಲಸ ಮುಗಿಸಿ ಹೋಗುತ್ತಿದ್ದರು. ಅಪ್ಪ ಚಾವಡಿಯಲ್ಲಿದ್ದಾರೆ ಎಂದರೆ ಕೆಲಸದಲ್ಲಿದ್ದಾರೆ ಎಂದು ಮಕ್ಕಳಿಗೂ ಗೊತ್ತಿತ್ತಂತೆ. ಅತ್ತೆಗೆ ಆ ಮಾತನ್ನೇ ನೆನಪಿಸಿದೆ: ‘ಅತ್ತೆ, ನಾನು ಚಾವಡಿಯಲ್ಲಿದ್ದರೆ ಮನೆಯಲ್ಲಿಲ್ಲ ಎಂದು ತಿಳಿಯಿರಿ.’ ಅವರು ಒಂದೇ ದಿನದಲ್ಲಿ ತಿಳಿದುಕೊಂಡರು. ಈಗ ಬಂದವರಿಗೆ ಅವರೇ ಹೇಳುತ್ತಾರೆ, ‘ಅವಳಿಗೆ ಆಫೀಸು ಉಂಟು, ಆರು ಗಂಟೆಗೆ ಬನ್ನಿ.’

ಮಳೆಗಾಲದ ವಿಷಯ ಸ್ವಲ್ಪ ಹೇಳುತ್ತೇನೆ, ಬೆಂಗಳೂರಿನವರಿಗೆ ಇದು ಅರ್ಥವಾಗುವುದು ಕಷ್ಟ. ತಾರಸಿಗೆ ಹಾಕಿದ ಶೀಟಿನ ಮೇಲೆ ಜುಲೈ ಮಳೆ ಬಿದ್ದರೆ ಮೀಟಿಂಗಿನಲ್ಲಿ ಒಂದಕ್ಷರ ಕೇಳುವುದಿಲ್ಲ. ಸಿಡಿಲು ಸುರುವಾದರೆ ಮೋಡೆಮ್ಮಿನ ತಂತಿ ಕಿತ್ತಿಡಲೇಬೇಕು. 2020ರ ಸೆಪ್ಟೆಂಬರ್ 20, ಭಾನುವಾರ, ಉಡುಪಿಯಲ್ಲಿ ನೆರೆ ಬಂದದ್ದು ನಿಮಗೆಲ್ಲ ನೆನಪಿರಬಹುದು. ಮರುದಿನ ರಸ್ತೆಗಳಲ್ಲಿ ಕೆಸರು, ಜನ ಇನ್ನೂ ಮನೆಯೊಳಗಿನ ನೀರು ಬಳಿಯುತ್ತಿದ್ದರು. ನನಗೆ ಬಂದ ಸಂದೇಶ: ನೀವು ಮನೆಯಲ್ಲೇ ಇದ್ದೀರಲ್ಲ, ಲಾಗಿನ್ ಆಗಿ. ಬಸ್ಸಿಲ್ಲದ ದಿನ ಹಿಂದೆಲ್ಲ ರಜೆ ಕೇಳದೆ ಸಿಗುತ್ತಿತ್ತು. ಮಳೆಗೂ ರಜೆ ಕೊಡುವ ಶಕ್ತಿ ಇಲ್ಲದಾಯಿತು. ಇಷ್ಟೆಲ್ಲ ಹೇಳುವಾಗ 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ತೆಗೆದ ಆ ಚಿತ್ರ ಮರೆಯಬಾರದು: ರಸ್ತೆ ಬದಿಯಲ್ಲಿ ಕೂತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ನೆಟ್‌ವರ್ಕ್ ಇಲ್ಲದ ಊರಿನವರಿಗೆ ನಮ್ಮ ಈ ಚರ್ಚೆಗೆ ಬರಲು ಬಾಗಿಲೇ ಇಲ್ಲ.

ಬಸ್ಸಿನ ಬಗ್ಗೆಯೂ ಒಂದು ಮಾತು. ಕಂಡಕ್ಟರ್ ‘ರೈಟ್ ಪೋಯಿ’ ಎಂದು ಸೀಟಿ ಊದಿದ ಮೇಲೆ ಆ ಒಂದೂವರೆ ಗಂಟೆ ನನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆಯುವಂತಿರಲಿಲ್ಲ. ಎರಡನೇ ಸಾಲಿನಲ್ಲಿ ನಾವು ಐದು ಜನ. ಒಬ್ಬಳು ನರ್ಸು, ಒಬ್ಬಳು ಸೀರೆ ಅಂಗಡಿಯವಳು, ಇಬ್ಬರು ಗೇರುಬೀಜದ ಫ್ಯಾಕ್ಟರಿಯವರು. ನರ್ಸಿಗೆ, ಅಂಗಡಿಯವಳಿಗೆ, ಗೇರುಬೀಜ ಸುಲಿಯುವವರಿಗೆ ಮನೆಯಿಂದ ಕೆಲಸ ಎಂಬುದಿಲ್ಲ. ನನ್ನಂಥವರು ಬಸ್ಸು ಬಿಟ್ಟ ಮೇಲೆ ಸಂಜೆ ಕಟಪಾಡಿಯಿಂದ ನಮ್ಮ ಕಡೆಗಿದ್ದ ಕೊನೆಯ ಟ್ರಿಪ್ಪು ನಿಂತು ಹೋಯಿತು. ಅಂಗಡಿಯವಳು ಈಗ ರಾತ್ರಿ ರಿಕ್ಷಾಕ್ಕೆ ಕೊಡುವ ಹಣ ನನ್ನ ಉಳಿತಾಯದ ಇನ್ನೊಂದು ಮುಖ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹೇಳದೆ ಬಿಡುವುದು ಸರಿಯಲ್ಲ ಅನಿಸಿತು.

ಹಾಗಾದರೆ ಏನು ಮಾಡಬೇಕು ಎಂದರೆ, ನನ್ನ ಅಭಿಪ್ರಾಯದಲ್ಲಿ ವಾರಕ್ಕೆ ಎರಡು ಮೂರು ದಿನ ಆಫೀಸು, ಉಳಿದ ದಿನ ಮನೆ. ಶಾಂಘೈಯ ಅದೇ ಕಂಪೆನಿಯಲ್ಲಿ ಆಮೇಲೆ 1600ಕ್ಕೂ ಹೆಚ್ಚು ಜನರ ಮೇಲೆ ಎರಡು ದಿನ ಮನೆ, ಮೂರು ದಿನ ಆಫೀಸು ಎಂದು ಮಾಡಿ ನೋಡಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಕೆಲಸದಲ್ಲಿ ಕೊರತೆಯಾಗಲಿಲ್ಲ, ಬಡ್ತಿಯಲ್ಲೂ ವ್ಯತ್ಯಾಸವಾಗಲಿಲ್ಲ, ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು. ಹೊಸದಾಗಿ ಸೇರಿದವರಿಗಂತೂ ಆಫೀಸು ಬೇಕೇ ಬೇಕು. ನಾನು ಸೇರಿದಾಗ ಪಕ್ಕದ ಕುರ್ಚಿಯ ಹಿರಿಯರು ನನ್ನ ಪರದೆಗೆ ಕಣ್ಣು ಹಾಯಿಸಿ ‘ಇದು ಹೀಗಲ್ಲಮ್ಮ’ ಎಂದು ಎರಡು ನಿಮಿಷದಲ್ಲಿ ತಿದ್ದುತ್ತಿದ್ದರು. ಜಗಲಿಯಲ್ಲಿ ಹೊಸ ಸೊಸೆ ಎಲೆ ಕತ್ತರಿಸಲು ಕಲಿತ ಹಾಗೆ.

ಮಾತು ಮುಗಿದ ಮೇಲೆ ಹಿರಿಯಡ್ಕದ ಒಬ್ಬ ಹುಡುಗ ಎದ್ದು ನಿಂತ. ಬೆಂಗಳೂರಿನ ಕಂಪೆನಿ ಅವನನ್ನು ವಾಪಸು ಕರೆದಿದೆ, ಮನೆಯಲ್ಲಿ ಅಮ್ಮ ಒಬ್ಬರೇ. ‘ಏನು ಮಾಡಲಿ ಮೇಡಂ?’ ಎಂದ. ಹೋಗು, ಬಿಡು ಎಂದು ಹೇಳುವ ಹಕ್ಕು ನನಗಿಲ್ಲ. ಕೇಳಬೇಕಾದ್ದನ್ನು ಬರಹದಲ್ಲಿ ಕೇಳು ಎಂದೆ. ತಿಂಗಳಿಗೆ ಎಷ್ಟು ದಿನ ಊರಿನಿಂದ ಮಾಡಬಹುದು, ಎಷ್ಟು ಹೊತ್ತಿಗೆ ಸುರು, ಎಷ್ಟು ಹೊತ್ತಿಗೆ ಕೊನೆ, ಇನ್ವರ್ಟರ್ ಮತ್ತು ಇಂಟರ್‌ನೆಟ್ ಖರ್ಚು ಯಾರದ್ದು, ಕರೆಂಟು ಹೋದ ಹೊತ್ತು ಯಾರ ಲೆಕ್ಕಕ್ಕೆ. ಒಬ್ಬನೇ ಕೇಳಬೇಡ, ನಿನ್ನ ಟೀಮಿನ ನಾಲ್ಕು ಜನ ಸೇರಿ ಕೇಳಿ. ಬೀಡಿಯವರು ಒಬ್ಬೊಬ್ಬರೇ ಕೇಳಿದ್ದರೆ ಪುಸ್ತಕವೂ ಸಿಗುತ್ತಿರಲಿಲ್ಲ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಕೇಳಿದರು: ‘ನಿನ್ನ ಹದಿನೈದು ನಿಮಿಷ ಈಗ ಎಷ್ಟಾಗಿದೆ ಮಗಾ?’

ನೋಟುಪುಸ್ತಕ ಚೀಲದಲ್ಲೇ ಇತ್ತು, ತೆಗೆದು ಓದಿದೆ. ಕಳೆದ ತಿಂಗಳು ಮನೆಯಿಂದ ಮಾಡಿದ ದಿನಗಳಲ್ಲಿ ಸರಾಸರಿ 80 ನಿಮಿಷ. ಅದು ಬೆಳಗ್ಗಿನದ್ದು, ಏಳರಿಂದ ಎಂಟು ಇಪ್ಪತ್ತರವರೆಗೆ, ಹಿಂದೆ ನಾನು ಬಸ್ಸಿನಲ್ಲಿರುತ್ತಿದ್ದ ಹೊತ್ತು. ಆಗ ಪಕ್ಕದ ಮನೆಯ ಬಾಯಿಯ ಹತ್ತಿರ ಕೂತು ಮಲ್ಲಿಗೆ ಕಟ್ಟಲು ಕಲಿಯುತ್ತೇನೆ. ಅವರು ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಒಂದು ಚೆಂಡು ಮುಗಿಸುವಾಗ ನನ್ನದು ನೂರು ಮೊಗ್ಗು ಆಗಿರುತ್ತದೆ. ನಾರಿನ ಗಂಟು ಇನ್ನೂ ಬಿಗಿ ಬಂದಿಲ್ಲ. ಬಾಯಿ ಅದನ್ನು ಕಟ್ಟೆಗೆ ಕಳಿಸುವ ಬುಟ್ಟಿಯಲ್ಲಿ ಹಾಕುವುದಿಲ್ಲ. ಮಗಳು ಮುಡಿದುಕೊಂಡು ಕಾಲೇಜಿಗೆ ಹೋಗುತ್ತಾಳೆ.